ನಾಟಿ ಕಾಲದ ಮೈಕೈ ನೋವು, ಜೋತುಬಿದ್ದ ರೆಪ್ಪೆ, ಬದಲಾದ ಇಸಿಜಿ: ಕೊಡಗಿನ ಒಂದು ಇಮ್ಯುನೊಥೆರಪಿ ಪ್ರಕರಣ

ಕ್ಯಾನ್ಸರ್‌ಗೆ ಇಮ್ಯುನೊಥೆರಪಿ ತೆಗೆದುಕೊಳ್ಳುತ್ತಿದ್ದ ಒಬ್ಬರಿಗೆ ಬಂದ ಅಪರೂಪದ ಅಡ್ಡಪರಿಣಾಮದ ವಿವರ ಇದು. ಬರೆಯಲು ಅವರ ಮತ್ತು ಮನೆಯವರ ಒಪ್ಪಿಗೆ ಇದೆ. ಹೆಸರು, ಊರು, ಆಸ್ಪತ್ರೆ ಯಾವುದನ್ನೂ ಹೇಳಿಲ್ಲ. ವಯಸ್ಸು ಮತ್ತು ಮನೆಯ ಕೆಲವು ವಿವರಗಳನ್ನು ಬೇಕೆಂದೇ ಬದಲಿಸಿದ್ದೇನೆ. ಕಾಯಿಲೆ ಬೆಳೆದ ಕ್ರಮ ಮತ್ತು ಒಂದೊಂದು ಘಟ್ಟದಲ್ಲಿ ತೆಗೆದುಕೊಂಡ ತೀರ್ಮಾನಗಳನ್ನು ಮಾತ್ರ ಮುಟ್ಟಿಲ್ಲ. ರೋಗಿಯನ್ನು ಇಲ್ಲಿ ಯಜಮಾನರು ಎನ್ನುತ್ತೇನೆ. ನಾನು ಕೊಡಗಿನ ಒಂದು ಸಣ್ಣ ಪೇಟೆಯಲ್ಲಿ ಕ್ಲಿನಿಕ್ ಇಟ್ಟಿರುವ ಸಾಮಾನ್ಯ ವೈದ್ಯ. ಓದುವವರಲ್ಲಿ ನನ್ನಂಥ ವೈದ್ಯರು, ನರ್ಸ್‌ಗಳು, ಮೆಡಿಕಲ್ ಶಾಪ್‌ನವರು, ಇಂಥ ರೋಗಿ ಇರುವ ಮನೆಯವರು ಇರಲಿ ಎಂಬ ಆಸೆಯಿಂದ ಆದಷ್ಟು ಬಿಡಿಸಿ ಬರೆದಿದ್ದೇನೆ.

ಹಿನ್ನೆಲೆ

ಯಜಮಾನರಿಗೆ ಅರುವತ್ತೈದು ದಾಟಿದೆ. ಸ್ವಲ್ಪ ಕಾಫಿ ತೋಟ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಕಾಳುಮೆಣಸು, ಮನೆಯ ಕೆಳಗೆ ಊಟಕ್ಕಾಗುವಷ್ಟು ಗದ್ದೆ. ಬೀಡಿ ಬಿಟ್ಟು ವರ್ಷಗಳಾಗಿದ್ದವು. ಕೆಮ್ಮು ನಿಲ್ಲದೆ, ತೂಕ ಇಳಿಯತೊಡಗಿದಾಗ ಮಗ ಬೆಂಗಳೂರಿಗೆ ಕರೆದುಕೊಂಡು ಹೋದ. ಬಯಾಪ್ಸಿಯಲ್ಲಿ ಶ್ವಾಸಕೋಶದ ಕ್ಯಾನ್ಸರ್ ಎಂದು ಬಂತು. ಆಪರೇಷನ್ ಮಾಡುವ ಹಂತ ದಾಟಿತ್ತು.

ಗಡ್ಡೆಯ ಅರ್ಧಕ್ಕಿಂತ ಹೆಚ್ಚು ಕೋಶಗಳಲ್ಲಿ ಪಿಡಿ-ಎಲ್1 ಎಂಬ ಪ್ರೋಟೀನ್ ಇತ್ತು. ಅಂಥವರಿಗೆ ಕೀಮೋ ಇಲ್ಲದೆ ಇಮ್ಯುನೊಥೆರಪಿಯೊಂದನ್ನೇ ಕೊಡಬಹುದು. ಪೆಂಬ್ರೊಲಿಜುಮ್ಯಾಬ್ 200 ಮಿಲಿಗ್ರಾಂ, ಮೂರು ವಾರಕ್ಕೊಮ್ಮೆ, ಅರ್ಧ ಗಂಟೆಯ ಡ್ರಿಪ್. ಖರ್ಚು ದೊಡ್ಡದೇ. ಮೆಣಸು ಮಾರಿದ ದುಡ್ಡು, ಬ್ಯಾಂಕಿನ ಎಫ್‌ಡಿ, ಮಗಳ ಮನೆಯವರ ಸಹಾಯ ಎಲ್ಲ ಸೇರಿಸಿ ಶುರು ಮಾಡಿದರು.

ಈ ಔಷಧಿ ಕ್ಯಾನ್ಸರನ್ನು ನೇರವಾಗಿ ಕೊಲ್ಲುವುದಿಲ್ಲ. ನಮ್ಮ ರೋಗನಿರೋಧಕ ಕೋಶಗಳು ಸ್ವಂತ ಮೈಯನ್ನೇ ಕಚ್ಚದಂತೆ ದೇಹ ಕೆಲವು ತಡೆಗಳನ್ನು ಇಟ್ಟುಕೊಂಡಿದೆ. ಕ್ಯಾನ್ಸರ್ ಕೋಶಗಳು ಅದೇ ತಡೆಗಳನ್ನು ಬಳಸಿಕೊಂಡು ಬಚಾವಾಗುತ್ತವೆ. ಔಷಧಿ ಆ ತಡೆಯನ್ನು ತೆಗೆಯುತ್ತದೆ. ತೋಟದ ನಾಯಿಯ ಸರಪಳಿ ಬಿಚ್ಚಿದ ಹಾಗೆ: ಹಂದಿಯನ್ನು ಓಡಿಸುತ್ತದೆ, ಆದರೆ ಒಮ್ಮೊಮ್ಮೆ ಮನೆಯವರಿಗೇ ಬಾಯಿ ಹಾಕುತ್ತದೆ. ಈ ತಡೆಗಳ ಗುಟ್ಟು ಬಿಡಿಸಿದ ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ವೈದ್ಯಕೀಯ ನೊಬೆಲ್ ಬಂತು. ಈ ಗುಂಪಿನ ಮೊದಲ ಔಷಧಿ ಇಪಿಲಿಮುಮ್ಯಾಬ್ ಅಮೆರಿಕದಲ್ಲಿ ಬಳಕೆಗೆ ಬಂದದ್ದು 2011ರಲ್ಲಿ.

ತಡೆ ತೆಗೆದಾಗ ಯಾವ ಅಂಗಕ್ಕೆ ಪೆಟ್ಟು ಬೀಳುತ್ತದೆ ಎಂದು ಮೊದಲೇ ಹೇಳಲಾಗುವುದಿಲ್ಲ. ಚರ್ಮದ ತುರಿಕೆ, ಥೈರಾಯ್ಡ್ ಏರುಪೇರು, ಭೇದಿ ಇವು ಜಾಸ್ತಿ ಕಾಣುವಂಥವು. ಲಿವರ್ ಮತ್ತು ಶ್ವಾಸಕೋಶದ ಉರಿಯೂತವೂ ಆಗುತ್ತದೆ. ಹೃದಯದ ಸ್ನಾಯುವಿನ ಉರಿಯೂತ, ಅಂದರೆ ಮಯೋಕಾರ್ಡೈಟಿಸ್, ಬರುವುದು ನೂರರಲ್ಲಿ ಒಬ್ಬರಿಗೋ ಅದಕ್ಕಿಂತ ಕಡಿಮೆಯೋ. ಆದರೆ ಬಂದವರಲ್ಲಿ ಕಾಲು ಭಾಗದಿಂದ ಅರ್ಧದಷ್ಟು ಜನ ಉಳಿಯದಿರುವುದು ವರದಿಯಾಗಿದೆ. ಇದು ಸಾಮಾನ್ಯವಾಗಿ ಮೊದಲ ಮೂರು ತಿಂಗಳಲ್ಲೇ ಕಾಣಿಸಿಕೊಳ್ಳುತ್ತದೆ. ಇದರ ಜೊತೆಗೆ ಮೈಯ ಮಾಂಸಖಂಡಗಳ ಉರಿಯೂತವಾದ ಮಯೋಸೈಟಿಸ್, ನರದಿಂದ ಸ್ನಾಯುವಿಗೆ ಹೋಗುವ ಸಂದೇಶ ಕೆಡುವ ಮಯಸ್ತೇನಿಯಾ ಎರಡೂ ಒಟ್ಟಿಗೆ ಬರಬಹುದು. ಮೂರೂ ಸೇರಿ ಬಂದರೆ ಅಪಾಯ ಇನ್ನೂ ಹೆಚ್ಚು.

ಮೊದಲ ಡೋಸ್ ಆದ ಮೇಲೆ ಯಜಮಾನರಿಗೆ ಕೂದಲು ಉದುರಲಿಲ್ಲ, ವಾಂತಿ ಇಲ್ಲ, ಊಟ ಸೇರಿತು. ಕೆಮ್ಮೂ ಕಡಿಮೆ ಆಯಿತು. ಮನೆಯವರಿಗೆ ಇದು ಮೈಗೆ ಹಗುರವಾದ ಔಷಧಿ ಎಂಬ ಧೈರ್ಯ ಬಂತು. ಯಾರಾದರೂ ಕೇಳಿದರೆ "ಕೀಮೋ ಅಲ್ಲ, ಒಂದು ಡ್ರಿಪ್ ಅಷ್ಟೇ" ಎನ್ನುತ್ತಿದ್ದರು. ಈ ಮಾತು ಮುಂದೆ ತೊಡಕಾಯಿತು.

ತೊಂದರೆ ಶುರುವಾದದ್ದು

ಎರಡನೇ ಡೋಸ್ ಆಗಿ ಸುಮಾರು ಹತ್ತು ದಿನ. ಜುಲೈ ತಿಂಗಳು, ಗದ್ದೆಯಲ್ಲಿ ನಾಟಿ. ಯಜಮಾನರು ಕೆಸರಿಗೆ ಇಳಿಯಲಿಲ್ಲ, ಕೊಡೆ ಹಿಡಿದು ಬದುವಿನ ಮೇಲೆ ನಿಂತಿದ್ದರು ಅಷ್ಟೆ. ರಾತ್ರಿ ಕುತ್ತಿಗೆ, ಭುಜ, ತೊಡೆ ಎಲ್ಲ ನೋವು. ಮಳೆಯಲ್ಲಿ ನಿಂತು ಶೀತ ಹಿಡಿದಿದೆ ಎಂದು ಹೆಂಡತಿ ಎಣ್ಣೆ ಹಚ್ಚಿ ಬಿಸಿನೀರು ಹಾಕಿದರು. ಮಗ ಪೇಟೆಯಿಂದ ನೋವಿನ ಮಾತ್ರೆ ತಂದುಕೊಟ್ಟ.

ಆಮೇಲೆ ಮಣೆಯಿಂದ ಏಳುವಾಗ ಕೈ ಊರಬೇಕಾಯಿತು. ಅಂಗಳದ ಮೆಟ್ಟಿಲು ಹತ್ತಲು ಕಷ್ಟ. ಒಂದು ಸಂಜೆ ಎಡಗಣ್ಣಿನ ರೆಪ್ಪೆ ಜೋತುಬಿತ್ತು. ಟಿವಿಯಲ್ಲಿ ವಾರ್ತೆ ಓದುವವರು ಇಬ್ಬಿಬ್ಬರು ಕಾಣುತ್ತಾರೆ ಎಂದರು. ಬೆಳಗ್ಗೆ ಎದ್ದಾಗ ಸರಿ ಇತ್ತು, ಸಂಜೆ ಮತ್ತೆ ಹಾಗೇ. ಕಣ್ಣಿನ ಡಾಕ್ಟರ್ ಹತ್ತಿರ ಹೋದದ್ದು ಬೆಳಗ್ಗೆ. ಆಗ ರೆಪ್ಪೆ ಹೆಚ್ಚುಕಡಿಮೆ ನೆಟ್ಟಗಿತ್ತು. ಡ್ರಾಪ್ಸ್ ಕೊಟ್ಟು, ಸಕ್ಕರೆ ಕಾಯಿಲೆ ಇದೆಯಾ ನೋಡಿಸಿ ಎಂದರು. ಸಕ್ಕರೆ ನಾರ್ಮಲ್.

ಇನ್ನೊಂದು ಕಡೆ ರಕ್ತ ಪರೀಕ್ಷೆ ಮಾಡಿಸಿದಾಗ ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಜಾಸ್ತಿ ಬಂದವು. ಮಳೆಗಾಲ, ಗದ್ದೆ, ಮೈಕೈ ನೋವು, ಲಿವರ್ ರಿಪೋರ್ಟ್ ಜಾಸ್ತಿ. ಇಷ್ಟು ಸೇರಿದರೆ ನಮ್ಮ ಕಡೆ ಯಾವ ವೈದ್ಯರಿಗೂ ಮೊದಲು ನೆನಪಾಗುವುದು ಇಲಿ ಜ್ವರ. ಡಾಕ್ಸಿಸೈಕ್ಲಿನ್ ಶುರುವಾಯಿತು. ಗಂಟಲು ಹಿಡಿದ ಹಾಗೆ ದನಿ ಬದಲಾಗಿದ್ದಕ್ಕೆ ಮೆಡಿಕಲ್ ಶಾಪ್‌ನಿಂದ ಅಜಿತ್ರೋಮೈಸಿನ್ ಕೂಡ ಸೇರಿತು.

ಇಲ್ಲಿ ಯಾರನ್ನೂ ದೂರುವುದಕ್ಕೆ ನನಗೆ ಮನಸ್ಸಿಲ್ಲ. ಒಂದೊಂದನ್ನೇ ಬಿಡಿಯಾಗಿ ನೋಡಿದರೆ ಎಲ್ಲರ ತೀರ್ಮಾನಕ್ಕೂ ಅರ್ಥ ಇದೆ. ನೋವಿಗೆ ನಾಟಿ ಕಾರಣ, ಕಣ್ಣಿಗೆ ವಯಸ್ಸು, ಲಿವರ್‌ಗೆ ಇಲಿ ಜ್ವರ, ದನಿಗೆ ಶೀತ. ಆದರೆ ನಾಲ್ಕನ್ನೂ ಒಂದೇ ಕಾಗದದ ಮೇಲೆ ಬರೆದವರು ಯಾರೂ ಇರಲಿಲ್ಲ. ಕ್ಯಾನ್ಸರ್ ಫೈಲ್ ಮನೆಯ ಅಲ್ಮೇರಾದಲ್ಲೇ ಇತ್ತು. ಯಾರೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಕ್ಲಿನಿಕ್‌ನಲ್ಲಿ ಕಂಡದ್ದು

ನನ್ನ ಹತ್ತಿರ ಕರೆದುಕೊಂಡು ಬಂದವಳು ಸೊಸೆ. "ಮಾವನಿಗೆ ಲಿವರ್ ಜಾಸ್ತಿ ಆಗಿದೆಯಂತೆ, ಕ್ಯಾನ್ಸರ್ ಅಲ್ಲಿಗೂ ಹೋಗಿದೆಯಾ ನೋಡಿ ಡಾಕ್ಟ್ರೇ" ಎಂದು ಅವಳ ಪ್ರಶ್ನೆ. ಆ ಭಯದಿಂದಲೇ ಅವಳು ದಪ್ಪ ಫೈಲ್ ಹಿಡಿದುಕೊಂಡು ಬಂದಿದ್ದಳು. ಇಡೀ ಪ್ರಕರಣದಲ್ಲಿ ಮೊದಲ ತಿರುವು ಇದು.

ಯಜಮಾನರು ಗದ್ದಕ್ಕೆ ಕೈ ಕೊಟ್ಟು ಕೂತಿದ್ದರು. ಏನೋ ಯೋಚನೆಯಲ್ಲಿರುವಂತೆ ಕಾಣುತ್ತಿತ್ತು. ಕೈ ತೆಗೆಯಿರಿ ಎಂದೆ. ತೆಗೆದರು. ಮೆಲ್ಲಗೆ ತಲೆ ಎದೆಯ ಕಡೆಗೆ ಬಾಗಿತು, ಬಾಯಿ ಸ್ವಲ್ಪ ತೆರೆದುಕೊಂಡಿತು. ಮತ್ತೆ ಕೈ ಕೊಟ್ಟು ಎತ್ತಿಕೊಂಡರು. ಕುತ್ತಿಗೆಗೆ ತಲೆ ಹೊರುವ ಶಕ್ತಿ ಇರಲಿಲ್ಲ. ಮಾತು ಶುರುವಾದಾಗ ದನಿ ಸರಿ ಇತ್ತು. ಮಾತಾಡುತ್ತಾ ಹೋದಂತೆ ಮೂಗಿನಲ್ಲಿ ಬರತೊಡಗಿತು. ಜ್ವರ ಇಲ್ಲ. ಕಣ್ಣು ಕೆಂಪಾಗಿಲ್ಲ, ಹಳದಿಯೂ ಇಲ್ಲ.

ಲಿವರ್ ರಿಪೋರ್ಟ್ ಮತ್ತೆ ನೋಡಿದೆ. ಬಿಲಿರುಬಿನ್, ಆಲ್ಕಲೈನ್ ಫಾಸ್ಫಟೇಸ್, ಜಿಜಿಟಿ ಎಲ್ಲ ಸರಿ ಇದ್ದವು. ಏರಿದ್ದು ಎಸ್‌ಜಿಒಟಿ, ಎಸ್‌ಜಿಪಿಟಿ ಮಾತ್ರ, ಅದರಲ್ಲೂ ಎಸ್‌ಜಿಒಟಿ ಹೆಚ್ಚು. ಈ ಎರಡೂ ಲಿವರ್‌ನಲ್ಲಿ ಮಾತ್ರ ಇರುವಂಥವಲ್ಲ. ಮಾಂಸಖಂಡದಲ್ಲೂ ಇರುತ್ತವೆ. ಮಾಂಸಖಂಡ ಹಾಳಾದರೆ ಅಲ್ಲಿಂದಲೂ ರಕ್ತಕ್ಕೆ ಸೋರುತ್ತವೆ. ಇದನ್ನು ಖಾತ್ರಿ ಮಾಡಿಕೊಳ್ಳಲು ಸಿಪಿಕೆ ಎಂಬ ಪರೀಕ್ಷೆ ಸಾಕು, ಪೇಟೆಯ ಲ್ಯಾಬ್‌ನಲ್ಲೇ ಆಗುತ್ತದೆ. ಸಾಮಾನ್ಯವಾಗಿ 200ರ ಒಳಗೆ ಇರಬೇಕಾದದ್ದು ಇವರಿಗೆ 7,000 ದಾಟಿತ್ತು. ಲಿವರ್ ಎಂದುಕೊಂಡದ್ದು ಸ್ನಾಯುವಿನ ಸಮಸ್ಯೆ ಎಂದು ಆಗ ಗೊತ್ತಾಯಿತು. ಇಮ್ಯುನೊಥೆರಪಿ ಪಡೆಯುವವರಲ್ಲಿ ಲಿವರ್ ಉರಿಯೂತವೂ ಆಗುವುದರಿಂದ, ಸಿಪಿಕೆ ನೋಡದಿದ್ದರೆ ದೊಡ್ಡ ಆಸ್ಪತ್ರೆಯಲ್ಲೂ ಇಲ್ಲಿ ದಾರಿ ತಪ್ಪಬಹುದು.

ಕಣ್ಣಿಗೆ ಐಸ್ ಪರೀಕ್ಷೆ ಮಾಡಿದೆ. ಲಸಿಕೆ ಪೆಟ್ಟಿಗೆಯ ಐಸ್ ಪ್ಯಾಕನ್ನು ಬಟ್ಟೆಯಲ್ಲಿ ಸುತ್ತಿ ಮುಚ್ಚಿದ ರೆಪ್ಪೆಯ ಮೇಲೆ ಎರಡು ನಿಮಿಷ ಇಟ್ಟೆ. ತೆಗೆದಾಗ ಕಪ್ಪು ಗುಡ್ಡೆಯನ್ನು ಅರ್ಧ ಮುಚ್ಚಿದ್ದ ರೆಪ್ಪೆ ಮೇಲೆ ಹೋಗಿತ್ತು. ಸೊಸೆ "ಸರಿ ಹೋಯ್ತಲ್ಲಾ" ಎಂದಳು. ಸ್ವಲ್ಪ ಹೊತ್ತಿಗೆ ಮತ್ತೆ ಇಳಿಯಿತು. ತಂಪಿಗೆ ರೆಪ್ಪೆ ಏಳುವುದು ಮಯಸ್ತೇನಿಯಾದ ಒಂದು ಗುರುತು.

ಅದಾದ ಮೇಲೆ ಉಸಿರು. ಬೆರಳಿಗೆ ಆಕ್ಸಿಮೀಟರ್ ಹಾಕಿದರೆ 97. ಕೋವಿಡ್ ಬಂದಾಗಿನಿಂದ ಎಲ್ಲರ ಮನೆಯಲ್ಲೂ ಈ ಯಂತ್ರ ಇದೆ, 95ರ ಮೇಲಿದ್ದರೆ ನಿಶ್ಚಿಂತೆ ಎಂಬ ನಂಬಿಕೆಯೂ ಇದೆ. ಉಸಿರಾಟದ ಸ್ನಾಯುಗಳೇ ಸೋಲುವ ಕಾಯಿಲೆಯಲ್ಲಿ ಆ ಸಂಖ್ಯೆ ಕೊನೆಯವರೆಗೂ ಚೆನ್ನಾಗಿಯೇ ಇರುತ್ತದೆ. ಬೀಳುವ ಹೊತ್ತಿಗೆ ತಡವಾಗಿರುತ್ತದೆ. ಹಾಗಾಗಿ ಚೆನ್ನಾಗಿ ಉಸಿರು ಎಳೆದುಕೊಂಡು ಒಂದೇ ಉಸಿರಿನಲ್ಲಿ ಒಂದು, ಎರಡು, ಮೂರು ಎಂದು ಎಣಿಸಿ ಎಂದೆ. ಸೆಕೆಂಡಿಗೆ ಎರಡರಂತೆ ಎಣಿಸಿದರೆ ಆರೋಗ್ಯವಾಗಿರುವವರು ನಲವತ್ತು, ಐವತ್ತರವರೆಗೆ ಹೋಗುತ್ತಾರೆ. ಇಪ್ಪತ್ತು ದಾಟದಿದ್ದರೆ ಎಚ್ಚರ ಬೇಕು. ಯಜಮಾನರು ಹತ್ತೊಂಬತ್ತಕ್ಕೆ ನಿಂತರು.

ಕೊನೆಯದಾಗಿ ಇಸಿಜಿ. ಎದೆನೋವು ಇಲ್ಲ ಎಂದು ಬಿಟ್ಟುಬಿಡುವ ಪರೀಕ್ಷೆ ಇದು. ಫೈಲ್‌ನಲ್ಲಿ ಮೊದಲ ಡೋಸ್‌ಗೂ ಮುಂಚಿನ ಇಸಿಜಿ ಇತ್ತು, ಪೂರ್ತಿ ನಾರ್ಮಲ್. ಅದರ ಪಕ್ಕದಲ್ಲಿ ಹೊಸದನ್ನು ಇಟ್ಟೆ. ಬಲಗಡೆಯ ವಿದ್ಯುತ್ ದಾರಿಯಲ್ಲಿ ತಡೆ ಬಂದಿತ್ತು, ಮೇಲಿನ ಕೋಣೆಯಿಂದ ಕೆಳಗಿನ ಕೋಣೆಗೆ ಸಂದೇಶ ಹೋಗುವುದೂ ನಿಧಾನ ಆಗಿತ್ತು. ಹಳೆಯದು ಇಲ್ಲದಿದ್ದರೆ ವಯಸ್ಸಾದವರಲ್ಲಿ ಇದೆಲ್ಲ ಇದ್ದದ್ದೇ ಎನ್ನಲು ಜಾಗ ಇತ್ತು. ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತಕ್ಕೆ ಸೋರುವ ಪ್ರೋಟೀನ್ ಟ್ರೋಪೊನಿನ್. ಅದನ್ನು ನೋಡುವ ಕಾರ್ಡ್‌ನಲ್ಲಿ ಗೆರೆ ಮೂಡಿತು, ಅಂದರೆ ಪಾಸಿಟಿವ್.

ಕಣ್ಣು, ಮಾಂಸಖಂಡ, ಹೃದಯ. ಮೂರಕ್ಕೂ ಒಂದೇ ಕಾರಣ, ಅದರ ಹೆಸರು ಫೈಲ್‌ನ ಎರಡನೇ ಪುಟದಲ್ಲಿ ಇತ್ತು.

ಆ ಸಂಜೆಯ ತೀರ್ಮಾನಗಳು

ಬೆಂಗಳೂರಿನ ಕ್ಯಾನ್ಸರ್ ತಜ್ಞರಿಗೆ ಫೋನ್ ಮಾಡಿದೆ. ಅವರು ವಾಪಸ್ ಕರೆ ಮಾಡುವಷ್ಟರಲ್ಲಿ ಇಸಿಜಿಯ ಫೋಟೊ, ಸಿಪಿಕೆ, ಎಣಿಕೆಯ ಸಂಖ್ಯೆ ಎಲ್ಲ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ್ದೆ. ಅವರಿಗೂ ಅನುಮಾನ ಉಳಿಯಲಿಲ್ಲ. ಆದರೆ ನಾಲ್ಕು ವಿಷಯಗಳನ್ನು ಅಲ್ಲೇ ತೀರ್ಮಾನಿಸಬೇಕಿತ್ತು, ಯಾವುದೂ ಸುಲಭದ್ದಲ್ಲ.

ಸ್ಟೆರಾಯ್ಡ್ ಈಗಲೇ ಕೊಡುವುದೋ, ಮೈಸೂರು ಮುಟ್ಟಿದ ಮೇಲೋ? ಮಯೋಕಾರ್ಡೈಟಿಸ್‌ಗೆ ಮೀಥೈಲ್‌ಪ್ರೆಡ್ನಿಸೊಲೋನ್ ದಿನಕ್ಕೆ 1 ಗ್ರಾಂನಂತೆ ರಕ್ತನಾಳದ ಮೂಲಕ ಕೊಡುತ್ತಾರೆ. 2020ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಆಸ್ಪತ್ರೆ ಸೇರಿದ 24 ಗಂಟೆಯೊಳಗೆ ದೊಡ್ಡ ಪ್ರಮಾಣದ ಸ್ಟೆರಾಯ್ಡ್ ಸಿಕ್ಕವರಲ್ಲಿ ಹೃದಯದ ದೊಡ್ಡ ಅನಾಹುತಗಳು ತುಂಬಾ ಕಡಿಮೆ ಇದ್ದವು. ಇನ್ನೊಂದು ಕಡೆ, ಮಯಸ್ತೇನಿಯಾ ಇರುವವರಿಗೆ ದೊಡ್ಡ ಪ್ರಮಾಣದ ಸ್ಟೆರಾಯ್ಡ್ ಕೊಟ್ಟ ಮೊದಲ ದಿನಗಳಲ್ಲಿ ಸ್ನಾಯುವಿನ ಬಲ ಇನ್ನೂ ಕುಗ್ಗಬಹುದು. ದಾರಿಯಲ್ಲಿ ಉಸಿರು ನಿಂತರೆ? ಹೃದಯಕ್ಕೆ ಕಾಯುವಷ್ಟು ಸಮಯ ಇಲ್ಲ, ಉಸಿರಿಗೆ ವೆಂಟಿಲೇಟರ್ ಇರುವ ಆಂಬುಲೆನ್ಸ್ ಇದೆ. ಹತ್ತಿರದ ಆಸ್ಪತ್ರೆಯಲ್ಲಿ ಮೊದಲ ಡೋಸ್ ಕೊಟ್ಟೇ ಹೊರಡಿಸುವುದೆಂದು ಒಪ್ಪಿಕೊಂಡೆವು.

ಇಲಿ ಜ್ವರದ ಔಷಧಿ ನಿಲ್ಲಿಸುವುದೋ? ಇಲಿ ಜ್ವರದಲ್ಲೂ ಸಿಪಿಕೆ ಏರುತ್ತದೆ, ಹೃದಯಕ್ಕೂ ಪೆಟ್ಟಾಗಬಹುದು. ಒಂದು ಕಾಯಿಲೆ ಸಿಕ್ಕಿತೆಂದು ಇನ್ನೊಂದನ್ನು ಕೈಬಿಟ್ಟು ಇಷ್ಟು ದೊಡ್ಡ ಸ್ಟೆರಾಯ್ಡ್ ಕೊಟ್ಟರೆ ಸೋಂಕು ಕೆರಳುವ ಅಪಾಯ ಇದೆ. ಹಾಗಾಗಿ ಪರೀಕ್ಷೆಯ ಫಲಿತಾಂಶ ಬರುವ ತನಕ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್ ಸೇರಿಸಿದೆವು. ಇಲಿ ಜ್ವರಕ್ಕೂ ಅದು ಆಗುತ್ತದೆ. ಆಮೇಲೆ ಪರೀಕ್ಷೆ ನೆಗೆಟಿವ್ ಬಂತು. ಅಜಿತ್ರೋಮೈಸಿನ್ ಮಾತ್ರ ಆ ಕ್ಷಣವೇ ನಿಲ್ಲಿಸಿದೆ. ಅಜಿತ್ರೋಮೈಸಿನ್, ಸಿಪ್ರೊಫ್ಲಾಕ್ಸಾಸಿನ್ ಗುಂಪಿನ ಔಷಧಿಗಳು, ಜೆಂಟಾಮೈಸಿನ್ ಗುಂಪಿನ ಇಂಜೆಕ್ಷನ್‌ಗಳು, ಮೆಗ್ನೀಸಿಯಂ ಡ್ರಿಪ್, ಬೀಟಾ ಬ್ಲಾಕರ್‌ಗಳು ಇವೆಲ್ಲ ಮಯಸ್ತೇನಿಯಾವನ್ನು ಉಲ್ಬಣ ಮಾಡುತ್ತವೆ. ರೆಫರಲ್ ಚೀಟಿಯ ಮೇಲ್ಭಾಗದಲ್ಲಿ ಈ ಪಟ್ಟಿಯನ್ನು ದಪ್ಪ ಅಕ್ಷರದಲ್ಲಿ ಬರೆದೆ.

ಎಲ್ಲಿಗೆ? ಮಗನಿಗೆ ಬೆಂಗಳೂರಿಗೇ ಹೋಗಬೇಕೆಂದಿತ್ತು. ಕ್ಯಾನ್ಸರ್ ನೋಡುವವರು ಅಲ್ಲಿದ್ದಾರೆ, ಅವರಿಗೆ ಎಲ್ಲ ಗೊತ್ತು ಎಂಬ ನಂಬಿಕೆ. ಮಡಿಕೇರಿಯಿಂದ ಬೆಂಗಳೂರು ಮೈಸೂರಿನ ಎರಡು ಪಟ್ಟು ದೂರ. ಮೈಸೂರೇ ಸುಮಾರು 120 ಕಿಲೋಮೀಟರ್, ಮಳೆಯಲ್ಲಿ ಮೂರು ಗಂಟೆ. ಆ ರಾತ್ರಿ ಬೇಕಾಗಿದ್ದು ಪೇಸ್‌ಮೇಕರ್ ಹಾಕಬಲ್ಲ ಹೃದ್ರೋಗ ತಜ್ಞರು, ಐಸಿಯು, ರಕ್ತದ ದ್ರವಭಾಗವಾದ ಪ್ಲಾಸ್ಮಾವನ್ನು ಬದಲಾಯಿಸುವ ಯಂತ್ರ. ಕ್ಯಾನ್ಸರ್ ತಜ್ಞರೇ ಮಗನ ಹತ್ತಿರ ಮಾತಾಡಿ "ಈಗ ಹತ್ತಿರದ ಐಸಿಯು ಮುಖ್ಯ, ನಾನು ಫೋನಿನಲ್ಲಿ ಇರುತ್ತೇನೆ" ಎಂದ ಮೇಲೆ ಒಪ್ಪಿದ. ಕೊಡಗಿಗೆ ದೊಡ್ಡ ಆಸ್ಪತ್ರೆ ಬೇಕೆಂದು 2019ರಲ್ಲಿ ಜನ ಟ್ವಿಟರ್‌ನಲ್ಲಿ ಅಭಿಯಾನ ಮಾಡಿದ್ದರು. ಮಡಿಕೇರಿಯಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಬಂದಿದೆ, ಆದರೂ ಇಂಥ ರಾತ್ರಿಗಳಲ್ಲಿ ನಾವು ಈಗಲೂ ಘಟ್ಟ ಇಳಿಯಬೇಕು ಅಥವಾ ಹುಣಸೂರು ದಾಟಬೇಕು. ಆ ಕೂಗು ನನಗೆ ಬರೀ ರಾಜಕೀಯವಾಗಿ ಎಂದೂ ಕೇಳಿಸಿಲ್ಲ.

ಹೇಗೆ? ಮನೆಯವರು ಸ್ವಂತ ಕಾರಿನಲ್ಲಿ ಬೆಳಗ್ಗೆ ಹೋಗುತ್ತೇವೆ ಎಂದರು. ನಡೆದುಕೊಂಡು ಬಂದ ಮನುಷ್ಯನಿಗೆ ವೆಂಟಿಲೇಟರ್ ಆಂಬುಲೆನ್ಸ್ ಯಾಕೆ ಎಂಬುದು ಅವರ ಪ್ರಶ್ನೆ. ನಾನು ಎರಡು ಇಸಿಜಿಗಳನ್ನೂ ಪಕ್ಕಪಕ್ಕ ತೋರಿಸಿದೆ. ಈ ಗೆರೆ ಇನ್ನೊಂದು ಹೆಜ್ಜೆ ಮುಂದೆ ಹೋದರೆ ಹೃದಯದ ಬಡಿತ ಪೂರ್ತಿ ನಿಧಾನ ಆಗುತ್ತದೆ, ಕಾರಿನಲ್ಲಿ ಆಗ ಮಾಡಲು ಏನೂ ಇಲ್ಲ ಎಂದೆ. ಸೊಸೆ ಗಂಡನ ಕಡೆ ತಿರುಗಿ "ಕಾರು ಬೇಡ" ಎಂದಳು. ಮಾತು ಅಲ್ಲಿಗೆ ಮುಗಿಯಿತು.

ಸ್ಟೆರಾಯ್ಡ್ ಕೊಟ್ಟರೆ ಕ್ಯಾನ್ಸರ್ ಔಷಧಿಯ ಕೆಲಸ ಹಾಳಾಗುವುದಿಲ್ಲವಾ ಎಂದೂ ಮಗ ಕೇಳಿದ. ನ್ಯಾಯವಾದ ಪ್ರಶ್ನೆ. ಅಡ್ಡಪರಿಣಾಮಕ್ಕೆ ಸ್ಟೆರಾಯ್ಡ್ ಪಡೆದ ಎಷ್ಟೋ ರೋಗಿಗಳಲ್ಲಿ ಗಡ್ಡೆ ಕುಗ್ಗಿದ್ದು ಹಾಗೇ ಉಳಿದಿದೆ ಎಂದು ತಜ್ಞರು ವಿವರಿಸಿದರು. ಹಾಗೆ ಉಳಿಯದೇ ಹೋಗಿದ್ದರೂ ನಮ್ಮ ತೀರ್ಮಾನ ಅದೇ ಆಗಿರುತ್ತಿತ್ತು.

ಮುಂದೆ ಆದದ್ದು

ಆಂಬುಲೆನ್ಸ್‌ನಲ್ಲಿ ಹೋದ ಯುವ ವೈದ್ಯೆಗೆ ಒಂದು ಕೆಲಸ ಹೇಳಿದ್ದೆವು: ಅರ್ಧ ಗಂಟೆಗೊಮ್ಮೆ ಎಣಿಸಲು ಹೇಳಿ, ಸಂಖ್ಯೆ ಬರೆದಿಡಿ. ಕುಶಾಲನಗರದಲ್ಲಿ ಹದಿನೆಂಟು, ಹುಣಸೂರಿನ ಹತ್ತಿರ ಹದಿನಾಲ್ಕು. ಆಕ್ಸಿಮೀಟರ್ ಆಗಲೂ 96 ತೋರಿಸುತ್ತಿತ್ತು. ಹದಿನಾಲ್ಕು ಎಂದು ಆಕೆ ಮೊದಲೇ ಫೋನ್ ಮಾಡಿ ತಿಳಿಸಿದ್ದರಿಂದ ಐಸಿಯು ಹಾಸಿಗೆ, ಉಸಿರಾಟದ ಯಂತ್ರ ಸಿದ್ಧ ಇದ್ದವು. ಆ ರಾತ್ರಿಯೇ ಹೃದಯದಲ್ಲಿ ಪೂರ್ತಿ ತಡೆ ಬಂತು, ತಾತ್ಕಾಲಿಕ ಪೇಸ್‌ಮೇಕರ್ ಹಾಕಿದರು.

ಸ್ಟೆರಾಯ್ಡ್‌ಗೆ ಹೃದಯ ನಿಧಾನವಾಗಿ ಸ್ಪಂದಿಸಿತು. ಉಸಿರು ಮಾತ್ರ, ಹೆದರಿದ್ದ ಹಾಗೆಯೇ, ಮೂರನೇ ದಿನ ಇನ್ನೂ ಕುಸಿಯಿತು. ಎಣಿಕೆ ಒಂಬತ್ತಕ್ಕೆ ಇಳಿಯಿತು, ನೀರು ನುಂಗಿದರೆ ಕೆಮ್ಮು. ಮೂಗಿನಿಂದ ಆಹಾರದ ಟ್ಯೂಬ್, ಮುಖಕ್ಕೆ ಗಾಳಿಯನ್ನು ಒತ್ತಡದಿಂದ ಒಳಗೆ ತಳ್ಳುವ ಬೈಪ್ಯಾಪ್ ಮಾಸ್ಕ್. ದಾನಿಗಳ ರಕ್ತದಿಂದ ತೆಗೆದ ಆ್ಯಂಟಿಬಾಡಿಗಳಾದ ಇಮ್ಯುನೊಗ್ಲೋಬ್ಯುಲಿನ್ ಕೊಡುವುದೋ ಪ್ಲಾಸ್ಮಾ ಬದಲಿಸುವುದೋ ಎಂಬ ಚರ್ಚೆ ನಡೆಯಿತು. ಮೊದಲು ಇಮ್ಯುನೊಗ್ಲೋಬ್ಯುಲಿನ್ ಕೊಟ್ಟು ಆಮೇಲೆ ಪ್ಲಾಸ್ಮಾ ಬದಲಿಸಿದರೆ ದುಡ್ಡು ಕೊಟ್ಟು ಏರಿಸಿದ್ದೇ ಹೊರಗೆ ಹೋಗುತ್ತದೆ. ಪ್ಲಾಸ್ಮಾ ಬದಲಾವಣೆ ರಕ್ತದಲ್ಲಿರುವ ಕ್ಯಾನ್ಸರ್ ಔಷಧಿಯನ್ನೂ ಒಂದಷ್ಟು ತೆಗೆಯುತ್ತದೆ. ಹಾಗಾಗಿ ಪ್ಲಾಸ್ಮಾ ಆಯ್ಕೆ ಮಾಡಿದರು, ದಿನ ಬಿಟ್ಟು ದಿನ ಐದು ಸಲ. ಮಯಸ್ತೇನಿಯಾಕ್ಕೆ ಕೊಡುವ ಪಿರಿಡೋಸ್ಟಿಗ್ಮಿನ್ ಮಾತ್ರೆ ಹೃದಯದ ಬಡಿತವನ್ನು ನಿಧಾನ ಮಾಡುತ್ತದೆ. ಪೇಸ್‌ಮೇಕರ್ ಇದ್ದ ಧೈರ್ಯದ ಮೇಲೆ ಅದನ್ನು ಸಣ್ಣ ಪ್ರಮಾಣದಲ್ಲಿ ಶುರು ಮಾಡಿದರು.

ಮಯಸ್ತೇನಿಯಾದ ಆ್ಯಂಟಿಬಾಡಿ ಪರೀಕ್ಷೆ ನೆಗೆಟಿವ್ ಬಂತು. ಇಮ್ಯುನೊಥೆರಪಿಯಿಂದ ಬರುವ ಮಯಸ್ತೇನಿಯಾದಲ್ಲಿ ಹಾಗಾಗುವುದುಂಟು. ರಿಪೋರ್ಟ್‌ಗೆ ಕಾದು ಕೂತಿದ್ದರೆ ಚಿಕಿತ್ಸೆ ತಡವಾಗುತ್ತಿತ್ತು.

ಒಂದು ವಾರದ ನಂತರವೂ ಟ್ರೋಪೊನಿನ್ ಇಳಿಯದೆ ಒಂದೇ ಮಟ್ಟದಲ್ಲಿ ನಿಂತಾಗ, ರೋಗನಿರೋಧಕ ಕೋಶಗಳನ್ನು ತಗ್ಗಿಸುವ ಮೈಕೊಫಿನೊಲೇಟ್ ಸೇರಿಸಿದರು. ಇಮ್ಯುನೊಥೆರಪಿಯ ಭೇದಿಗೆ ಬಳಸುವ ಇನ್‌ಫ್ಲಿಕ್ಸಿಮ್ಯಾಬ್ ಬಗ್ಗೆಯೂ ಮಾತು ಬಂತು. ಹೃದಯ ದುರ್ಬಲ ಇರುವವರಿಗೆ ಅದು ಕೆಟ್ಟದ್ದು ಮಾಡಬಹುದು ಎಂದು ಬಿಟ್ಟರು. ಇನ್ನೊಂದು ಸೂಕ್ಷ್ಮ ಇದೆ. ಟ್ರೋಪೊನಿನ್ ಟಿ ಎಂಬುದು ಮೈಯ ಮಾಂಸಖಂಡ ಕೆಟ್ಟಾಗಲೂ ಏರಬಹುದು. ಹೃದಯದ ಮಟ್ಟಿಗೆ ಟ್ರೋಪೊನಿನ್ ಐ ಹೆಚ್ಚು ನಂಬಬಹುದಾದದ್ದು. ಇವರಲ್ಲಿ ಐ ನೋಡಿಯೇ ತೀರ್ಮಾನ ಮಾಡಿದರು. ಎರಡನೇ ವಾರ ಮುಗಿಯುವಾಗ ಹೃದಯದ ಲಯ ತಾನಾಗಿಯೇ ಮರಳಿತು, ಪೇಸ್‌ಮೇಕರ್ ತೆಗೆದರು. ಶ್ವಾಸನಾಳಕ್ಕೆ ಟ್ಯೂಬ್ ಹಾಕುವ ಪ್ರಸಂಗ ಬರಲಿಲ್ಲ.

ನಾಟಿ ಮುಗಿದ ಮೇಲೆ ಸೆಪ್ಟೆಂಬರ್ ಮೊದಲಲ್ಲಿ ಬರುವ ಕೊಡಗಿನ ಹಬ್ಬ ಕೈಲ್ಪೋಳ್ದ್ ಹೊತ್ತಿಗೆ ಯಜಮಾನರು ಮನೆಗೆ ಬಂದರು.

ಮನೆಗೆ ಬಂದ ಮೇಲೆ ಮತ್ತೊಂದು ತಿರುವು

ಬಿಡುಗಡೆ ಆದರೆ ಗೆದ್ದ ಹಾಗೆ ಎಂದು ಎಲ್ಲರಿಗೂ ಅನಿಸುತ್ತದೆ ಅಲ್ವಾ? ಇಂಥ ಪ್ರಕರಣಗಳಲ್ಲಿ ಊರಿನ ವೈದ್ಯರ ಕೆಲಸ ಶುರುವಾಗುವುದೇ ಅಲ್ಲಿಂದ. ಪ್ರೆಡ್ನಿಸೊಲೋನ್ ಮಾತ್ರೆಯನ್ನು ವಾರವಾರ ಸ್ವಲ್ಪ ಸ್ವಲ್ಪವೇ ಇಳಿಸಬೇಕು. ಪ್ರತಿ ಸಲ ಇಳಿಸುವ ಮೊದಲು ಇಸಿಜಿ, ಸಿಪಿಕೆ, ಟ್ರೋಪೊನಿನ್. ಸ್ಟೆರಾಯ್ಡ್‌ನಿಂದ ಸಕ್ಕರೆ ಏರಿತು, ಇನ್ಸುಲಿನ್ ಬೇಕಾಯಿತು. ದಿನಕ್ಕೆ 20 ಮಿಲಿಗ್ರಾಂ ಅಥವಾ ಹೆಚ್ಚು ಪ್ರೆಡ್ನಿಸೊಲೋನ್ ನಾಲ್ಕು ವಾರಕ್ಕೂ ಮೀರಿ ನಡೆಯುವಾಗ ಒಂದು ಬಗೆಯ ನ್ಯುಮೋನಿಯಾ ಬಾರದಂತೆ ಕೋಟ್ರೈಮಾಕ್ಸಜೋಲ್ ಕೊಡುತ್ತಾರೆ. ಅದೂ ಇತ್ತು.

ಯಜಮಾನರ ಮುಖ ಊದಿಕೊಂಡಿತು, ರಾತ್ರಿ ನಿದ್ದೆ ಇಲ್ಲ. ನೋಡಲು ಬಂದ ನೆಂಟರೊಬ್ಬರು ಸ್ಟೆರಾಯ್ಡ್ ಕಿಡ್ನಿ ತಿನ್ನುತ್ತದೆ ಎಂದು ಹೆದರಿಸಿ ಹೋದರು. ಯಜಮಾನರು ಯಾರಿಗೂ ಹೇಳದೆ ಮಾತ್ರೆಯನ್ನು ಅರ್ಧ ಮಾಡಿಕೊಂಡರು. ನಾಲ್ಕೈದು ದಿನಕ್ಕೆ ಸಂಜೆ ಹೊತ್ತು ರೆಪ್ಪೆ ಮತ್ತೆ ಜೋತುಬಿತ್ತು. ಸೊಸೆ ಅದನ್ನು ಕಂಡವಳೇ ಎಣಿಸಲು ಹೇಳಿದಳು, ಮೂವತ್ತರ ಮೇಲಿದ್ದದ್ದು ಇಪ್ಪತ್ತಮೂರು ಆಗಿತ್ತು. ಆ ರಾತ್ರಿಯೇ ಫೋನ್ ಮಾಡಿದಳು. ಸಿಪಿಕೆ ಏರತೊಡಗಿತ್ತು, ಇಸಿಜಿ ಸರಿ ಇತ್ತು. ಪ್ರಮಾಣವನ್ನು ಹಿಂದಿನ ಹಂತಕ್ಕೆ ಏರಿಸಿ, ಇನ್ನೂ ನಿಧಾನವಾಗಿ ಇಳಿಸಿದೆವು. ಆಸ್ಪತ್ರೆ ಸೇರುವ ಅಗತ್ಯ ಬೀಳಲಿಲ್ಲ. ತಜ್ಞರ ಯಾವ ಯಂತ್ರಕ್ಕೂ ಮೊದಲು ಇದನ್ನು ಹಿಡಿದವಳು ಅವಳು. ಆಮೇಲೆ ಮಾತ್ರೆಯ ಕ್ಯಾಲೆಂಡರನ್ನೂ ಅವಳೇ ನೋಡಿಕೊಂಡಳು.

ಕ್ಯಾನ್ಸರ್ ವಿಷಯ. ಎರಡೇ ಡೋಸ್‌ಗೆ ಗಡ್ಡೆ ಗಮನಾರ್ಹವಾಗಿ ಕುಗ್ಗಿತ್ತು. ಅದೇ ಔಷಧಿ ಕಡಿಮೆ ಪ್ರಮಾಣದಲ್ಲಿ ಮತ್ತೆ ಕೊಡಬಹುದಾ ಎಂದು ಮಗ ಕೇಳಿದ. ಚರ್ಮ, ಥೈರಾಯ್ಡ್‌ನಂಥ ತೊಂದರೆಗಳಾದರೆ ಎಷ್ಟೋ ಸಲ ಮುಂದುವರಿಸುತ್ತಾರೆ. ಇಷ್ಟು ತೀವ್ರವಾದ ಮಯೋಕಾರ್ಡೈಟಿಸ್ ಆದವರಿಗೆ ಈ ಗುಂಪಿನ ಔಷಧಿಯನ್ನು ಮತ್ತೆ ಮುಟ್ಟುವ ಹಾಗಿಲ್ಲ. ಅದನ್ನು ಫೈಲ್‌ನ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ಬರೆದಿದ್ದಾರೆ. ಗಡ್ಡೆ ಬಹಳ ತಿಂಗಳು ಹಾಗೆಯೇ ಇತ್ತು. ಮುಂದಿನ ಮಳೆಗಾಲ ಕಳೆದ ಮೇಲೆ ಒಂದು ಕಡೆ ಮತ್ತೆ ಬೆಳೆದದ್ದು ಸ್ಕ್ಯಾನ್‌ನಲ್ಲಿ ಕಂಡಿತು. ಈಗ ಕೀಮೋ ನಡೆಯುತ್ತಿದೆ. ಯಜಮಾನರು ತೋಟದ ಲೆಕ್ಕ ನೋಡುತ್ತಾರೆ, ಮೆಣಸು ಕೊಯ್ಲಿಗೆ ಆಳುಗಳನ್ನು ಗೊತ್ತು ಮಾಡುತ್ತಾರೆ. ಏರು ಹತ್ತುವುದು ಆಗುವುದಿಲ್ಲ. ತುಂಬಾ ದಣಿದ ಸಂಜೆ ಈಗಲೂ ಒಮ್ಮೊಮ್ಮೆ ಎರಡೆರಡು ಕಾಣುತ್ತದೆ.

ಈ ಪ್ರಕರಣದಿಂದ ನಮ್ಮಲ್ಲಿ ಬದಲಾದದ್ದು

ಇಂಥ ಔಷಧಿ ದೊಡ್ಡ ಊರಿನ ದುಡ್ಡಿರುವವರಿಗೆ ಮಾತ್ರ, ನಮ್ಮ ಕ್ಲಿನಿಕ್‌ಗೆ ಅಂಥವರು ಬರುವುದಿಲ್ಲ ಎನ್ನುವ ಕಾಲ ಹೋಗಿದೆ. ಮುಂಬೈಯ ಟಾಟಾ ಮೆಮೋರಿಯಲ್ ವೈದ್ಯರು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬಾಯಿ, ಗಂಟಲಿನ ಕ್ಯಾನ್ಸರ್‌ಗೆ ಮೂರು ವಾರಕ್ಕೊಮ್ಮೆ ಬರೀ 20 ಮಿಲಿಗ್ರಾಂ ನಿವೊಲುಮ್ಯಾಬ್ ಬಳಸಿದರು. ರೂಢಿಯ ಪ್ರಮಾಣದ ಹತ್ತನೇ ಒಂದಕ್ಕಿಂತಲೂ ಕಡಿಮೆ ಅದು. ಆ ಔಷಧಿ ಸೇರಿಸಿದ ಗುಂಪಿನಲ್ಲಿ ಒಂದು ವರ್ಷ ಬದುಕಿದ್ದವರು 43.4 ಶೇಕಡಾ, ಸೇರಿಸದ ಗುಂಪಿನಲ್ಲಿ 16.3 ಶೇಕಡಾ. ಎಲೆ ಅಡಿಕೆ, ತಂಬಾಕು ಹಾಕುವ ನಮ್ಮ ಕಡೆಯ ಜನಕ್ಕೆ ಇದು ದೊಡ್ಡ ಸಮಾಧಾನದ ಸುದ್ದಿ. ಖರ್ಚು ಕೈಗೆಟುಕಿದ ಮೇಲೆ ಲೈನ್‌ಮನೆಯಲ್ಲಿರುವ ತೋಟದ ಕಾರ್ಮಿಕರೂ ಈ ಔಷಧಿ ಪಡೆಯುತ್ತಾರೆ. ಅವರಿಗೆ ಮೈಕೈ ನೋವು ಬಂದರೆ ಮೊದಲು ಹೋಗುವುದು ಮೆಡಿಕಲ್ ಶಾಪ್‌ಗೆ.

ಯುರೋಪಿನ ಹೃದ್ರೋಗ ತಜ್ಞರ ಸಂಘದ 2022ರ ಮಾರ್ಗದರ್ಶಿ ಈ ಔಷಧಿ ಶುರು ಮಾಡುವ ಮೊದಲು ಎಲ್ಲರಿಗೂ ಇಸಿಜಿ ಮತ್ತು ಟ್ರೋಪೊನಿನ್ ಮಾಡಬೇಕು ಎನ್ನುತ್ತದೆ. ಯಜಮಾನರ ಹಳೆಯ ಇಸಿಜಿ ಆ ಸಂಜೆ ಎಷ್ಟು ಕೆಲಸಕ್ಕೆ ಬಂತೆಂದು ನೋಡಿದ್ದೇನೆ. ಪ್ರತಿ ಡೋಸ್‌ಗೂ ಮುಂಚೆ ಮಾಡಬೇಕಾ ಎಂಬುದರಲ್ಲಿ ತಜ್ಞರಲ್ಲೇ ಭಿನ್ನಾಭಿಪ್ರಾಯ ಇದೆ. ನನ್ನ ಮಟ್ಟಿಗೆ, ಆಸ್ಪತ್ರೆಯಿಂದ ಮೂರು ಗಂಟೆ ದೂರ ಇರುವವರಿಗೆ ಮೊದಲ ಮೂರು ತಿಂಗಳು ಒಂದು ಇಸಿಜಿ, ಒಂದು ಸಿಪಿಕೆ ಮಾಡಿಸುವುದು ಸುಮ್ನೆ ಖರ್ಚು ಅಲ್ಲ.

ಇಲ್ಲಿನ ಕೆಲವು ವೈದ್ಯರು, ನರ್ಸ್‌ಗಳು ಸೇರಿ ಕನ್ನಡದಲ್ಲಿ ಒಂದು ಕಾರ್ಡ್ ಮಾಡಿದ್ದೇವೆ. "ನಾನು ಇಮ್ಯುನೊಥೆರಪಿ ತೆಗೆದುಕೊಳ್ಳುತ್ತಿದ್ದೇನೆ, ಇದು ಕೀಮೋ ಅಲ್ಲ" ಎಂಬುದು ಮೊದಲ ಸಾಲು. ಕೆಳಗೆ ಔಷಧಿಯ ಹೆಸರು, ಕೊನೆಯ ಡೋಸ್‌ನ ತಾರೀಖು, ಕ್ಯಾನ್ಸರ್ ಆಸ್ಪತ್ರೆಯ ಫೋನ್. ರೆಪ್ಪೆ ಜೋತುಬಿದ್ದರೆ, ಎರಡೆರಡು ಕಂಡರೆ, ನುಂಗಲು ಕಷ್ಟವಾದರೆ, ಏಳಲು ಆಗದಷ್ಟು ಮಾಂಸಖಂಡ ನೋವಾದರೆ, ಉಬ್ಬಸ ಅಥವಾ ಎದೆಬಡಿತ ಹೆಚ್ಚಾದರೆ ಅದೇ ದಿನ ಇಸಿಜಿ, ಸಿಪಿಕೆ, ಟ್ರೋಪೊನಿನ್ ಮಾಡಿ ಎಂದು ಬರೆದಿದೆ. ನಿಲ್ಲದ ಭೇದಿ, ಹೊಸ ಕೆಮ್ಮು, ವಿಪರೀತ ಬಾಯಾರಿಕೆ, ಕಾರಣವಿಲ್ಲದ ಸುಸ್ತು ಇವಕ್ಕೂ ಫೋನ್ ಮಾಡಿ ಎಂದಿದೆ. ಕಾರ್ಡ್‌ನ ಹಿಂದೆ ಒಂದೇ ಉಸಿರಿನಲ್ಲಿ ಎಣಿಸುವ ವಿಧಾನ ಇದೆ. ಪೇಟೆಯ ಮೆಡಿಕಲ್ ಶಾಪ್‌ಗಳಿಗೂ ಕೊಟ್ಟಿದ್ದೇವೆ. ಅವರು ನೋವಿನ ಮಾತ್ರೆ ಕೊಡುವ ಮೊದಲು "ಕ್ಯಾನ್ಸರ್‌ಗೆ ಏನಾದರೂ ಡ್ರಿಪ್ ನಡೀತಿದೆಯಾ?" ಎಂದು ಕೇಳತೊಡಗಿದ್ದಾರೆ.

ಯಜಮಾನರ ಕೀಮೋ ಫೈಲ್‌ಗೂ ಅದೇ ಕಾರ್ಡನ್ನು ಹಚ್ಚಿದ್ದೇವೆ. ಔಷಧಿ ನಿಲ್ಲಿಸಿ ಇಷ್ಟು ದಿನವಾದ ಮೇಲೆ ಯಾಕೆ ಎಂದು ಮಗ ಕೇಳಿದ. ಈ ಔಷಧಿಯ ಪರಿಣಾಮ ರೋಗನಿರೋಧಕ ಕೋಶಗಳ ಮೇಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಕೊನೆಯ ಡೋಸ್ ಆಗಿ ಬಹಳ ಕಾಲದ ನಂತರವೂ ಹೊಸ ಅಂಗಕ್ಕೆ ಪೆಟ್ಟು ಬಿದ್ದ ಉದಾಹರಣೆಗಳಿವೆ. ಕೀಮೋ ಸಮಯದಲ್ಲಿ ಅವರಿಗೆ ಸುಸ್ತೋ ಭೇದಿಯೋ ಬಂದರೆ, ನೋಡುವ ವೈದ್ಯರು ಯಾರೇ ಆಗಿರಲಿ, ಎರಡೂ ಔಷಧಿಗಳ ಹೆಸರು ಅವರ ಕಣ್ಣಿಗೆ ಬೀಳಬೇಕು.